ಏರಿಳಿಯುವ ನೆಲದ ಮೇಲೆ ಪೊಟ್ಸುವೋಲಿ

ಇಟಲಿಯ ನೇಪಲ್ಸ್‌ಗೆ ಬಂದ ಪ್ರವಾಸಿಗಳೆಲ್ಲ ಹೋಗುವುದು ಒಂದೇ ದಿಕ್ಕಿಗೆ. ಪಾಂಪೆ, ಸೊರೆಂಟೊ, ಅಮಾಲ್ಫಿ. ನಾನೂ ನನ್ನ ಹೆಂಡತಿಯೂ ಅದನ್ನು ಬಿಟ್ಟು ಪಶ್ಚಿಮದ ಕಡೆಗೆ ಹೋಗುವ ಕುಮಾನಾ ಲೋಕಲ್ ರೈಲು ಹತ್ತಿದೆವು. ಸುಮಾರು ಅರ್ಧ ಗಂಟೆಯ ದಾರಿ. ಇಳಿದರೆ ಪೊಟ್ಸುವೋಲಿ.

ಸಿನಿಮಾ ನೋಡುವವರಿಗೆ ಇದು ಸೋಫಿಯಾ ಲೊರೆನ್ ಬೆಳೆದ ಊರು. ರೋಮನ್ನರ ಕಾಲದಲ್ಲಿ ಭಾರಿ ಬಂದರು. ಈಜಿಪ್ಟಿನ ಗೋಧಿ ಹಡಗುಗಳು ಇಲ್ಲೇ ಬಂದು ನಿಲ್ಲುತ್ತಿದ್ದವು. ಸಂತ ಪೌಲ ರೋಮ್‌ಗೆ ಹೋಗುವಾಗ ಇಳಿದದ್ದೂ ಇಲ್ಲೇ. ಇಷ್ಟಿದ್ದೂ ಬೀದಿಯಲ್ಲಿ ಗೈಡ್‌ಗಳ ಕಾಟ ಇಲ್ಲ. ಮೀನು ಕೊಳ್ಳುವವರು, ಸ್ಕೂಟರ್ ಹುಡುಗರು, ಅಷ್ಟೇ.

ಊರು ಕೂತಿರುವುದು ಕಾಂಪಿ ಫ್ಲೆಗ್ರೇಯಿ ಅನ್ನುವ ದೊಡ್ಡ ಜ್ವಾಲಾಮುಖಿಯ ಬಾಯೊಳಗೆ. ವೆಸೂವಿಯಸ್‌ಗಿರುವಂಥ ಶಿಖರ ಇದಕ್ಕಿಲ್ಲ, ಹಾಗಾಗಿ ಕಣ್ಣಿಗೆ ಬೀಳುವುದಿಲ್ಲ. ಆದರೆ ಇದರ ನೆಲ ಏರುತ್ತದೆ, ಇಳಿಯುತ್ತದೆ. ಅದನ್ನು ನೋಡಬೇಕೆಂದರೆ ಊರ ನಡುವಿನ ಸೆರಾಪಿಸ್ ಗುಡಿಗೆ ಹೋಗಬೇಕು. ಹೆಸರಿಗೆ ಗುಡಿ, ನಿಜದಲ್ಲಿ ರೋಮನ್ನರ ಸಂತೆಮಾಳ. 1750ರಲ್ಲಿ ಅಗೆದಾಗ ಸೆರಾಪಿಸ್ ದೇವರ ಮೂರ್ತಿ ಸಿಕ್ಕಿತು, ಹೆಸರು ಹಾಗೇ ಅಂಟಿಕೊಂಡಿತು. ಸುತ್ತಲೂ ಕಂಬಿಬೇಲಿ. ರಸ್ತೆಯಿಂದಲೇ ಚೆನ್ನಾಗಿ ಕಾಣುತ್ತದೆ, ಟಿಕೆಟ್ ಬೇಕಿಲ್ಲ.

ಮೂರು ಅಮೃತಶಿಲೆಯ ಕಂಬಗಳು ನಿಂತಿವೆ. ನೆಲದಿಂದ ಮೂರೂವರೆ ಮೀಟರ್‌ವರೆಗೆ ನುಣುಪು. ಅದರ ಮೇಲೆ ಪಟ್ಟಿ ಕಟ್ಟಿದ ಹಾಗೆ ತೂತೋ ತೂತು. ಗೆದ್ದಲು ಹಿಡಿದ ಮರ ಇದ್ದ ಹಾಗಿದೆ. ಕೊರೆದದ್ದು ಕಲ್ಲು ತಿನ್ನುವ ಸಮುದ್ರದ ಚಿಪ್ಪುಜೀವಿ. ಅಂದರೆ ಈ ಕಂಬಗಳು ನಿಂತಲ್ಲೇ ನಿಂತು ಕಡಲಲ್ಲಿ ಮುಳುಗಿದ್ದವು. ಬುಡ ಮಣ್ಣಿನಲ್ಲಿ ಹೂತಿದ್ದರಿಂದ ಅಷ್ಟು ಭಾಗ ಉಳಿಯಿತು. ಆಮೇಲೆ ನೆಲ ಮತ್ತೆ ಮೇಲೆದ್ದಿತು. ಕಂಬಗಳು ಮಾತ್ರ ಬೀಳಲಿಲ್ಲ! ನೆಲ ಹೀಗೆ ನಿಧಾನವಾಗಿಯೂ ಏರಿಳಿಯಬಲ್ಲದು ಎಂದು ತೋರಿಸಲು ಭೂವಿಜ್ಞಾನಿ ಚಾರ್ಲ್ಸ್ ಲಯೆಲ್ 1830ರಲ್ಲಿ ತನ್ನ ಪುಸ್ತಕದ ಮೊದಲಿಗೆ ಈ ಕಂಬಗಳ ಚಿತ್ರವನ್ನೇ ಹಾಕಿದ. ನಾವು ಬೇಲಿಗೆ ಒರಗಿ ತುಂಬ ಹೊತ್ತು ನೋಡಿದೆವು. ವೆಸೂವಿಯಸ್ ಸಿಡಿದು ಪಾಂಪೆಯಲ್ಲಿ ಎಲ್ಲ ಒಂದೇ ಏಟಿಗೆ ಮುಗಿದುಹೋಯಿತು. ಇಲ್ಲಿ ಇನ್ನೂ ನಡೆಯುತ್ತಲೇ ಇದೆ.

1982ರಿಂದ 84ರ ನಡುವೆ ಪೊಟ್ಸುವೋಲಿಯ ನೆಲ ಸುಮಾರು 1.8 ಮೀಟರ್ ಎದ್ದಿತು. ಈಗ 2005ರಿಂದ ಮತ್ತೆ ಏರುತ್ತಿದೆ. 2024ರ ಮೇನಲ್ಲಿ 4.4 ತೀವ್ರತೆಯ ಭೂಕಂಪವೂ ಆಯಿತು. ಹಳೇ ದೋಣಿಕಟ್ಟೆಗೆ ಹೋದರೆ ನೀರು ಹಿಂದೆ ಸರಿದು ಸಣ್ಣ ದೋಣಿಗಳು ಕೆಸರಲ್ಲಿ ಕೂತಿದ್ದವು. ಇಳಿತದ ಹೊತ್ತು ಇರಬೇಕು ಅಂತ ಹೆಂಡತಿ ಅಂದಳು. ಅಲ್ಲ, ನೆಲವೇ ಮೇಲೆ ಬಂದಿದೆ.

ಕಟ್ಟೆಯ ಪಕ್ಕದ ಗುಡ್ಡವೇ ರಿಯೋನೆ ತೆರ್ರಾ, ಊರಿನ ಮೂಲ ಕೇರಿ. 1970ರ ಮಾರ್ಚ್‌ನಲ್ಲಿ ನೆಲ ಏರತೊಡಗಿದಾಗ ಇಲ್ಲಿದ್ದವರನ್ನೆಲ್ಲ ಖಾಲಿ ಮಾಡಿಸಿದರು. ಈಗ ಬಣ್ಣ ಬಳಿದ ಮನೆಗಳು ಚೆಂದ ಇವೆ, ಆದರೆ ಬಟ್ಟೆ ಒಣಹಾಕಿದ ಒಂದು ಹಗ್ಗವೂ ಕಾಣಲಿಲ್ಲ. ನೇಪಲ್ಸ್‌ನ ಗಲ್ಲಿ ನೋಡಿ ಬಂದವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಮೇಲಿನ ಚರ್ಚ್ ನೋಡಲೇಬೇಕು. 1964ರ ಬೆಂಕಿಯಲ್ಲಿ ಅದರ ಅಲಂಕಾರ ಸುಟ್ಟುಹೋದಾಗ ಗೋಡೆಯೊಳಗಿಂದ ರೋಮನ್ ದೇವಾಲಯದ ಕಂಬಗಳು ಹೊರಬಿದ್ದವು! 2014ರಲ್ಲಿ ಮತ್ತೆ ತೆರೆದಾಗ ಕಂಬಗಳನ್ನು ಮುಚ್ಚಲಿಲ್ಲ, ನಡುವೆ ಗಾಜು ಕೂರಿಸಿದರು. ಒಳ್ಳೇ ಕೆಲಸ ಮಾಡಿದರು. ಕೆಳಗಿಳಿದರೆ ರೋಮನ್ ಬೀದಿಗಳು, ಬೀಸುವ ಕಲ್ಲುಗಳಿರುವ ಬೇಕರಿ.

ರೋಮನ್ನರು ಕಾದಾಟ ನೋಡುತ್ತಿದ್ದ ಫ್ಲಾವಿಯನ್ ಆಂಫಿಥಿಯೇಟರ್‌ನಲ್ಲಿ ಮೇಲೆ ಜಾಸ್ತಿ ಸುತ್ತಬೇಡಿ. ಪ್ರಾಣಿಗಳ ಪಂಜರ ಮೇಲೆತ್ತುತ್ತಿದ್ದ ನೆಲಮಾಳಿಗೆ ಇದೆಯಲ್ಲ, ಅದೇ ಅಸಲು.

ಆಮೇಲೆ ಹತ್ತಿರದ ಊರು ಬಾಕೊಲಿ. ಮನೆಗಳ ಮಧ್ಯೆ, ಮೆಟ್ಟಿಲಿಳಿದು ಹೋದರೆ ಪಿಸಿನಾ ಮಿರಾಬಿಲಿಸ್. ಸುಮ್ನೆ ನೀರಿನ ತೊಟ್ಟಿ, ಆದರೆ 48 ಕಂಬ, 15 ಮೀಟರ್ ಎತ್ತರ. 12,000 ಘನ ಮೀಟರ್‌ಗಿಂತ ಹೆಚ್ಚು ನೀರು ಹಿಡಿಯುತ್ತಿತ್ತು. ದೂರದ ಸೆರೀನೊ ಚಿಲುಮೆಯ ನೀರು ಕಾಲುವೆಯಲ್ಲಿ ಇಲ್ಲಿಗೆ ಬರುತ್ತಿತ್ತು. ಪಕ್ಕದ ಮಿಸೇನೊದಲ್ಲಿ ರೋಮನ್ ನೌಕಾಪಡೆ ಇತ್ತು. ವೆಸೂವಿಯಸ್ ಸಿಡಿದಾಗ ಆ ಪಡೆಯ ಮುಖ್ಯಸ್ಥ, ಲೇಖಕ ಹಿರಿಯ ಪ್ಲಿನಿ ಹಡಗು ಹತ್ತಿದ್ದು ಅಲ್ಲಿಂದಲೇ, ವಾಪಸ್ ಬರಲಿಲ್ಲ. ತೊಟ್ಟಿಗೆ ಮುಂಚೆಯೇ ಬುಕ್ ಮಾಡಿಕೊಂಡು ಹೋಗಿ.

ಕೊನೆಗೆ ಬಾಯಾ, ರೋಮನ್ ಸಾಹುಕಾರರ ಮೋಜಿನ ಊರು. ಬಿಸಿನೀರಿನ ಸ್ನಾನಗೃಹವೊಂದರ ಗುಮ್ಮಟ ಹಾಗೇ ನಿಂತಿದೆ, ಅಗಲ 21 ಮೀಟರ್ ಮೀರುತ್ತದೆ, ರೋಮ್‌ನ ಹೆಸರಾಂತ ಗುಮ್ಮಟದ ಗುಡಿ ಪ್ಯಾಂಥಿಯಾನ್‌ಗಿಂತ ಹಳೆಯದು. ಇಲ್ಲಿನ ಜ್ವಾಲಾಮುಖಿಯ ಬೂದಿಮಣ್ಣಿಗೆ ಸುಣ್ಣ ಬೆರೆಸಿದರೆ ನೀರಲ್ಲೂ ಗಟ್ಟಿಯಾಗುತ್ತದೆ. ರೋಮನ್ನರ ಕಾಂಕ್ರೀಟಿನ ಗುಟ್ಟು ಅದೇ. ನಮ್ಮ ಪಿಪಿಸಿ (ಪೋರ್ಟ್‌ಲ್ಯಾಂಡ್ ಪೊಜೊಲಾನಾ) ಸಿಮೆಂಟ್‌ನಲ್ಲಿ ಆ ಕೆಲಸ ಹೆಚ್ಚಾಗಿ ಕಲ್ಲಿದ್ದಲು ಸುಟ್ಟ ಹಾರುಬೂದಿ ಮಾಡುತ್ತದೆ. ಗುಮ್ಮಟದ ಕೆಳಗೆ ನೀರು ತುಂಬಿದೆ. ಚಪ್ಪಾಳೆ ತಟ್ಟಿ ನೋಡಿ.

ಇಲ್ಲಿ ನೆಲ ಇಳಿದು ಬಂಗಲೆಗಳೆಲ್ಲ ಕಡಲ ಪಾಲಾದವು. ಐದಾರು ಮೀಟರ್ ಆಳದಲ್ಲಿ ಮೊಸಾಯಿಕ್ ನೆಲ ಇದೆ. ಡೈವಿಂಗ್ ಬಂದರೆ ಹಾಗೆ, ಇಲ್ಲವಾದರೆ ಗಾಜಿನ ತಳದ ದೋಣಿ. ಕಡಲು ಕದಡಿದ್ದರೆ ದೋಣಿಗೆ ದುಡ್ಡು ಸುರಿಯಬೇಡಿ, ಗುಡ್ಡದ ಕೋಟೆಯ ಮ್ಯೂಸಿಯಂಗೆ ನಡೆಯಿರಿ. ನೀರಲ್ಲಿರುವ ಮೂರ್ತಿಗಳು ನಕಲು. ಕ್ಲಾಡಿಯಸ್ ದೊರೆಯ ಊಟದ ಸಭಾಂಗಣದ ಅಸಲಿ ಮೂರ್ತಿಗಳು ಅಲ್ಲಿವೆ, ಮೂಗು ಕೈ ಅಲ್ಲಲ್ಲಿ ಚಿಪ್ಪುಜೀವಿಗಳಿಗೆ ಊಟವಾಗಿ.