ಗುದ್ದಿಸೋ ಕಾರಿಗೆ ರಸಮಟ್ಟ ಯಾಕೆ?

ನಾನಿರುವುದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ, ಶಾರ್ಲಟ್ ಊರಿನ ಹತ್ತಿರ. ವಾರವಿಡೀ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಶುಕ್ರವಾರ ಸಂಜೆಯಾದರೆ ಪಕ್ಕದ ಬೀದಿಯ ಗ್ಯಾರೇಜಿಗೆ ಹೋಗಿ ರಿವೆಟ್ ಗನ್ ಹಿಡಿಯುತ್ತೇನೆ. ಅಲ್ಲೊಂದು ಲೇಟ್ ಮಾಡೆಲ್ ಸ್ಟಾಕ್ ಕಾರ್ ಇದೆ. ಶನಿವಾರ ರಾತ್ರಿ ಸುತ್ತಮುತ್ತಲ ಸಣ್ಣ ಟ್ರ್ಯಾಕ್‌ಗಳಲ್ಲಿ ಓಡುವ ರೇಸ್ ಕಾರು. ಅದಕ್ಕೆ ಬಾಡಿ ಕೂರಿಸುವುದು ನನ್ನ ಪಾಲಿನ ಕೆಲಸ. ಸಂಬಳ ಇಲ್ಲ, ಪಿಟ್ಜಾ ಇದೆ.

ಊರಿಗೆ ಬಂದಾಗ, ಕನ್ನಡ ಕೂಟದ ಊಟದ ಸಾಲಿನಲ್ಲಿ, ಆಫೀಸಿನಲ್ಲಿ, ಎಲ್ಲ ಕಡೆ ಒಂದೇ ಪ್ರಶ್ನೆ. ಅದನ್ನು ಎಲ್ಲರಿಗಿಂತ ಚೆನ್ನಾಗಿ ಕೇಳಿದವರು ನನ್ನ ಸೋದರಮಾವ. ಮೂವತ್ತು ವರ್ಷ ಲಾರಿ, ಬಸ್ಸಿಗೆ ಬಾಡಿ ಕಟ್ಟುವ ಶೆಡ್‌ನಲ್ಲಿ ದುಡಿದವರು. ಒಂದು ದಿನ ವೀಡಿಯೊ ಕಾಲ್‌ನಲ್ಲಿ ಅವರಿಗೆ ಗ್ಯಾರೇಜು ತೋರಿಸುತ್ತಿದ್ದೆ. ನೆಲದ ಮೇಲೆ ರಸಮಟ್ಟ, ಮೂಲೆಮಟ್ಟ, ತೂಕದ ಗುಂಡು ಎಲ್ಲ ಬಿದ್ದಿದ್ದವು.

"ಅಲ್ಲ ಕಣಯ್ಯಾ, ಶನಿವಾರ ಹೋಗಿ ಗುದ್ದಿಸ್ಕೊಂಡು ಬರೋ ಕಾರು ಅಂತೀಯ. ಅದಕ್ಕೆ ರಸಮಟ್ಟ ಯಾಕೆ? ತಗಡು ಬಡಿದು ಕಳಿಸೋದಲ್ವಾ?"

ಅವತ್ತು ಏನೋ ಒಂದು ಹೇಳಿ ತಪ್ಪಿಸಿಕೊಂಡೆ. ಈಗ ಸರಿಯಾಗಿ ಉತ್ತರ ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ಬಗೆಹರಿಸಿಬಿಡುತ್ತೇನೆ. ಸ್ಟಾಕ್ ಕಾರ್ ಅಂದರೆ ಶೋರೂಮಿನಿಂದ ತಂದ ಕಾರು ಅಂತ ಹೆಸರೇ ಹೇಳುತ್ತದೆ. ಶುರುವಾದದ್ದು ಹಾಗೇ. 1949ರ ಜೂನ್ 19ರಂದು ಇಲ್ಲೇ ಶಾರ್ಲಟ್‌ನ ಮಣ್ಣಿನ ಟ್ರ್ಯಾಕ್‌ನಲ್ಲಿ, ಸ್ಟಾಕ್ ಕಾರ್ ರೇಸುಗಳನ್ನು ನಡೆಸುವ ನ್ಯಾಸ್ಕಾರ್ ಸಂಸ್ಥೆ ತನ್ನ ಮೊದಲ 'ಸ್ಟ್ರಿಕ್ಟ್ಲಿ ಸ್ಟಾಕ್' ರೇಸ್ ನಡೆಸಿತು. ಮೊದಲು ಬಂದವನು ಗ್ಲೆನ್ ಡನವೇ. ರೇಸ್ ಮುಗಿದ ಮೇಲೆ ಕಾರಿನ ಹಿಂದಿನ ಸ್ಪ್ರಿಂಗ್ ನೋಡಿದರೆ ಅದನ್ನು ತಿದ್ದಿದ್ದರು. ಅವನನ್ನು ಅನರ್ಹ ಮಾಡಿ, ಲಿಂಕನ್ ಕಾರು ಓಡಿಸಿದ್ದ ಜಿಮ್ ರೋಪರ್‌ಗೆ ಗೆಲುವು ಕೊಟ್ಟರು. ಅಂದರೆ 'ಕಂಪನಿಯಿಂದ ಬಂದ ಹಾಗೇ ಇರಲಿ' ಅನ್ನುವ ನಿಯಮವನ್ನು ಮುರಿಯುವ ಕೆಲಸವೂ ಮೊದಲ ದಿನವೇ ಶುರುವಾಗಿತ್ತು!

ಈಗ ಉಳಿದಿರುವುದು ಹೆಸರು ಮಾತ್ರ. ನಮ್ಮ ಕಾರಿನ ಒಳಗೆ ಸ್ಟೀಲ್ ಪೈಪುಗಳ ಪಂಜರ, ಸುಮಾರು 44 ಮಿಲಿಮೀಟರ್ ದಪ್ಪದ ಪೈಪು. ಅಪಘಾತವಾದರೆ ಡ್ರೈವರ್‌ನ ಜೀವ ಉಳಿಸುವುದು ಅದು. ಹೊರಗೆ ಕಾಣುವ ಬಾಡಿ ಬರೀ ಅಂಗಿ. ಬಾಗಿಲು ತೆರೆಯುವುದಿಲ್ಲ, ಡ್ರೈವರ್ ಕಿಟಕಿಯಿಂದ ತೂರಿಕೊಂಡು ಒಳಗೆ ಹೋಗಬೇಕು. ಹೆಡ್‌ಲೈಟ್ ಅಂತ ಕಾಣುವುದು ಸ್ಟಿಕ್ಕರ್. ನನ್ನ ಅಕ್ಕನ ಮಗ ಫೋಟೋ ಜೂಮ್ ಮಾಡಿ ನೋಡಿ "ಮೋಸ!" ಅಂದ. ಮೂತಿ ಮೆತ್ತನೆ ಪ್ಲಾಸ್ಟಿಕ್ಕು, ಕೆಲವು ಭಾಗ ಫೈಬರ್, ಕೆಲವು ಕಡೆ ಒಂದು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ. ಒಂದು ಭಾಗ ಒಡೆದರೆ ಅದನ್ನಷ್ಟೇ ಬದಲಾಯಿಸಬಹುದು.

ಅಂಗಿ ಅಂದ ಮೇಲೆ ಅಳತೆ ಬೇಕಲ್ವಾ? ಅಲ್ಲಿಂದ ನಮ್ಮ ರಸಮಟ್ಟ ಶುರು.

ಕಾರನ್ನು ಮಟ್ಟಸವಾದ ನೆಲದ ಮೇಲೆ ನಿಲ್ಲಿಸಿ, ರೇಸಿನಲ್ಲಿ ಎಷ್ಟು ಎತ್ತರಕ್ಕೆ ಕೂರುತ್ತದೋ ಅಷ್ಟೇ ಎತ್ತರದ ಬ್ಲಾಕ್‌ಗಳನ್ನು ಚಾಸಿ, ಅಂದರೆ ಕಾರಿನ ಸ್ಟೀಲ್ ಚೌಕಟ್ಟಿನ ಕೆಳಗೆ ಕೊಡುತ್ತೇವೆ. ಸುಮ್ನೆ ಜಾಕ್ ಮೇಲೆ ಎತ್ತಿಟ್ಟು ಬಾಡಿ ಕೂರಿಸಿದರೆ ಕಥೆ ಮುಗೀತು. ಚಕ್ರಗಳು ಜೋತುಬಿದ್ದಿರುತ್ತವೆ, ಅಂದಾಜು ಎಲ್ಲ ತಪ್ಪುತ್ತದೆ. ಆಮೇಲೆ ಚಾಸಿಯ ನಡುವಿನಿಂದ ತೂಕದ ಗುಂಡು ಬಿಟ್ಟು ನೆಲದ ಮೇಲೆ ಗುರುತು ಹಾಕಿ, ಮರಗೆಲಸದವರ ಹಾಗೆ ಸೀಮೆಸುಣ್ಣದ ನೂಲು ಹೊಡೆಯುತ್ತೇವೆ. ಮುಂದಿನಿಂದ ಹಿಂದಿನವರೆಗೆ ಒಂದೇ ನೀಲಿ ಗೆರೆ. ಮುಂದಿನ ಎಲ್ಲ ಜಗಳವೂ ಆ ಗೆರೆ ಹೇಳಿದ ಹಾಗೇ ಬಗೆಹರಿಯುತ್ತದೆ.

ನಮ್ಮ ಗ್ಯಾರೇಜಿನಲ್ಲಿ ಮೂತಿಯಿಂದ ಶುರು ಮಾಡುತ್ತೇವೆ. ಮೂತಿ, ಎರಡು ಮುಂದಿನ ಫೆಂಡರ್ (ಚಕ್ರವನ್ನು ಮುಚ್ಚುವ ಭಾಗ), ಬಾನೆಟ್ ಸೇರಿಸಿ, ಮುಂದಿನ ಚಕ್ರದ ನಡುವಿಗೆ ಫೆಂಡರಿನ ಕಮಾನಿನ ನಡು ಸರಿಯಾಗಿ ಬರುವ ಹಾಗೆ ಹೊಂದಿಸಬೇಕು. ಆಮೇಲೆ ರೂಫು, ಬಾಗಿಲು, ಹಿಂದಿನ ಚಕ್ರದ ಪಕ್ಕ ಬರುವ ಕ್ವಾರ್ಟರ್ ಪ್ಯಾನೆಲ್. ಒಂದು ಕಡೆ ಅರ್ಧ ಇಂಚು ಹಿಂದೆ ತಳ್ಳಿದರೆ ಇನ್ನೊಂದು ಕಡೆ ಸಂದು ಬಾಯಿ ಬಿಡುತ್ತದೆ. ಅದನ್ನು ಮುಚ್ಚಿದರೆ ರೂಫ್ ಎದ್ದು ನಿಲ್ಲುತ್ತದೆ. ಮೊದಲ ವರ್ಷ ನನಗೆ ಇದರಲ್ಲೇ ತಲೆ ಕೆಟ್ಟುಹೋಗುತ್ತಿತ್ತು.

ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಸಾಮಾನಿದೆ, ಕ್ಲೆಕೊ. ಬೆರಳುದ್ದದ ಸ್ಪ್ರಿಂಗ್ ಪಿನ್ನು. ಅದಕ್ಕೆ ಅಂತಲೇ ಇರುವ ಇಕ್ಕಳದಲ್ಲಿ ಒತ್ತಿ ತೂತಿಗೆ ಚುಚ್ಚಿ ಬಿಟ್ಟರೆ ಎರಡು ತಗಡನ್ನು ಕಚ್ಚಿ ಹಿಡಿಯುತ್ತದೆ. ಮತ್ತೆ ಒತ್ತಿದರೆ ಬಿಡುತ್ತದೆ. ದರ್ಜಿ ಕಚ್ಚಾ ಹೊಲಿಗೆ ಹಾಕಿ ಟ್ರಯಲ್ ನೋಡುವ ಹಾಗೆ. ತಾಮ್ರದ ಬಣ್ಣದ್ದು ಎಂಟನೇ ಒಂದು ಇಂಚಿನ ತೂತಿಗೆ, ಹಿತ್ತಾಳೆ ಬಣ್ಣದ್ದು ಸ್ವಲ್ಪ ದೊಡ್ಡದಕ್ಕೆ. ಇಡೀ ಬಾಡಿಯನ್ನು ಮೊದಲು ಕ್ಲೆಕೊದಲ್ಲಿ ನಿಲ್ಲಿಸಿ, ಹತ್ತು ಹೆಜ್ಜೆ ಹಿಂದೆ ಹೋಗಿ ನೋಡುತ್ತೇವೆ. ಕಣ್ಣಿಗೆ ಸರಿ ಕಂಡರೂ ಗ್ಯಾರೇಜಿನ ಯಜಮಾನರು ಒಪ್ಪುವುದಿಲ್ಲ. "ಟೇಪ್ ಹಿಡಿ" ಅನ್ನುತ್ತಾರೆ. ರಿವೆಟ್ ಹೊಡೆಯುವುದು ಎಲ್ಲಕ್ಕಿಂತ ಕೊನೆಗೆ.

ಅದರಲ್ಲೂ ಪ್ಲಾಸ್ಟಿಕ್ಕಿಗೆ ರಿವೆಟ್ ಹೊಡೆಯುವುದು ಬೇರೆಯೇ ವಿದ್ಯೆ. ನಾನು ಕೂರಿಸಿದ ಮೊದಲ ಮೂತಿ ಜನವರಿಯಲ್ಲಿ, ಹೀಟರ್ ಇಲ್ಲದ ಗ್ಯಾರೇಜಿನಲ್ಲಿ. ತೂತು ಬಿಗಿ, ರಿವೆಟ್ ಬಿಗಿ, ನೋಡಲು ಒಳ್ಳೆ ಇಸ್ತ್ರಿ ಮಾಡಿದ ಹಾಗಿತ್ತು. ಜುಲೈ ಬಿಸಿಲಿಗೆ ಹೊರಗೆ ನಿಲ್ಲಿಸಿದಾಗ ರಿವೆಟ್ ರಿವೆಟ್‌ಗಳ ನಡುವೆ ಹಪ್ಪಳದ ಹಾಗೆ ಉಬ್ಬಿಕೊಂಡಿತು. ಪ್ಲಾಸ್ಟಿಕ್ ಬಿಸಿಗೆ ಹಿಗ್ಗುತ್ತದೆ, ಹಿಗ್ಗಲು ಜಾಗ ಬೇಕು. ಈಗ ತೂತನ್ನು ಸ್ವಲ್ಪ ಉದ್ದುದ್ದಕ್ಕೆ ಕೊರೆಯುತ್ತೇವೆ. ಅಗಲ ತಲೆಯ ರಿವೆಟ್ಟು, ಹಿಂದುಗಡೆ ವಾಷರ್. ವಾಷರ್ ಇಲ್ಲದಿದ್ದರೆ ಒಂದು ಸಣ್ಣ ತಾಗಿಗೆ ರಿವೆಟ್ ಪ್ಲಾಸ್ಟಿಕ್ ಹರಿದುಕೊಂಡು ಹೊರಗೆ ಬಂದುಬಿಡುತ್ತದೆ.

ಇಷ್ಟೆಲ್ಲ ಯಾಕೆ ಅನ್ನುವುದಕ್ಕೆ ನನ್ನದೇ ಒಂದು ಎಡವಟ್ಟು ಹೇಳಬೇಕು.

ಎರಡನೇ ವರ್ಷ. ಬಲಗಡೆಯ ಮುಂದಿನ ಫೆಂಡರ್ ಪೂರ್ತಿ ನಾನೇ ಕೂರಿಸಿದ್ದೆ. ಸ್ಪ್ರಿಂಗ್ ತೆಗೆದು, ಜಾಕ್ ಕೊಟ್ಟು ಚಕ್ರವನ್ನು ಎಷ್ಟು ಮೇಲೆ ಹೋಗುತ್ತದೋ ಅಷ್ಟೂ ಎತ್ತಿ, ಸ್ಟೀರಿಂಗ್ ತಿರುಗಿಸಿ ನೋಡಿದೆ. ಎಲ್ಲೂ ತಾಗಲಿಲ್ಲ. ಆದರೆ ತಿರುಗಿಸಿದ್ದು ಎಡಕ್ಕೆ ಮಾತ್ರ. ಈ ಓವಲ್ ಟ್ರ್ಯಾಕ್‌ಗಳಲ್ಲಿ ಕಾರು ಎಡಕ್ಕೇ ತಾನೇ ತಿರುಗುವುದು? ಬಲಕ್ಕೆ ಯಾಕೆ ನೋಡಬೇಕು ಅಂತ ನನ್ನ ಬುದ್ಧಿವಂತಿಕೆ.

ರೇಸಿನ ನಡುವೆ, ತಿರುವಿನಲ್ಲಿ ಕಾರಿನ ಹಿಂಭಾಗ ಜಾರಿತು. ಹಿಂಭಾಗ ಜಾರಿದಾಗ ಡ್ರೈವರ್ ಏನು ಮಾಡುತ್ತಾನೆ? ಸ್ಟೀರಿಂಗನ್ನು ಬಲಕ್ಕೆ ತಿರುಗಿಸಿ ಹಿಡಿಯುತ್ತಾನೆ. ಅದೇ ಹೊತ್ತಿಗೆ ಕಾರಿನ ಭಾರವೆಲ್ಲ ಬಲಗಡೆ ಮುಂದಿನ ಚಕ್ರದ ಮೇಲೆ ಕೂತಿರುತ್ತದೆ. ಟೈರಿನ ಮುಂದಿನ ಅಂಚು ಹೊರಗೆ ಬಂದು ಫೆಂಡರು, ಮೂತಿ ಸೇರುವ ಜಾಗಕ್ಕೆ ಉಜ್ಜಿತು. ಮೊದಲು ನೀಲಿ ಹೊಗೆ. ನಾಲ್ಕು ಸುತ್ತು ಮುಗಿಯುವಷ್ಟರಲ್ಲಿ ಟೈರು ಸೀಳಿತು, ಕಾರು ನೇರ ಗೋಡೆಗೆ. ಡ್ರೈವರ್‌ಗೆ ಏನೂ ಆಗಲಿಲ್ಲ, ಪುಣ್ಯ. ರಾತ್ರಿ ಫೆಂಡರ್ ಬಿಚ್ಚಿ ಒಳಗೆ ಟಾರ್ಚ್ ಬಿಟ್ಟು ನೋಡಿದರೆ ರಬ್ಬರಿನ ಒಂದು ಕರಿ ಕಮಾನು. ಕಮಾನಿನ ತುದಿಯಲ್ಲಿ ನಾನು ಹೊಡೆದ ರಿವೆಟ್ಟಿನ ಬಾಲ, ಟೈರಿನ ಕಡೆಗೆ ಮುಖ ಮಾಡಿಕೊಂಡು, ಉಜ್ಜಿ ಉಜ್ಜಿ ಬೆಳ್ಳಿ ಹಾಗೆ ಹೊಳೆಯುತ್ತಿತ್ತು. ಯಾರೂ ಬೈಯಲಿಲ್ಲ. ಯಜಮಾನರು ಆ ಫೆಂಡರ್ ತುಂಡನ್ನು ಗೋಡೆಗೆ ನೇತುಹಾಕಿದರು. ಈಗಲೂ ಅಲ್ಲೇ ಇದೆ.

ಎರಡನೇ ಕಾರಣ ಗಾಳಿ. ಬಾಡಿಯ ಆಕಾರ ಒಂದಿಷ್ಟು ಬದಲಾದರೆ ಕಾರಿನ ವೇಗ ಬದಲಾಗುತ್ತದೆ ಅಂತ ಇಲ್ಲಿನವರಿಗೆ ಬಹಳ ಹಿಂದೆಯೇ ಗೊತ್ತು. 1966ರಲ್ಲಿ ಜೂನಿಯರ್ ಜಾನ್ಸನ್ ಅನ್ನುವ ರೇಸುಗಾರನ ತಂಡ ಅಟ್ಲಾಂಟಾದ ರೇಸಿಗೆ ಒಂದು ಹಳದಿ ಫೋರ್ಡ್ ತಂದಿತು. ಮೂತಿ ಕೆಳಗೆ ಬಗ್ಗಿಸಿ, ಹಿಂಭಾಗ ಮೇಲಕ್ಕೆತ್ತಿ, ರೂಫ್ ತಗ್ಗಿಸಿ, ಶೋರೂಮಿನ ಕಾರಿಗೂ ಅದಕ್ಕೂ ಸಂಬಂಧವೇ ಇಲ್ಲದ ಹಾಗೆ ಮಾಡಿದ್ದರು. ಜನ ಅದನ್ನು 'ಹಳದಿ ಬಾಳೆಹಣ್ಣು' ಅಂತಲೇ ಕರೆದರು. ಆಮೇಲೆ ಟೆಂಪ್ಲೇಟ್‌ಗಳ ಕಾಲ ಬಂತು. ಅಂದರೆ ಕಾರಿನ ಆಕಾರಕ್ಕೆ ಕತ್ತರಿಸಿದ ಲೋಹದ ಅಚ್ಚು. ಅದನ್ನು ಕಾರಿನ ಮೇಲಿಟ್ಟು ಸಂದು ಎಷ್ಟಿದೆ ಅಂತ ನೋಡುತ್ತಾರೆ. ದೊಡ್ಡ ಸರಣಿಗಳಲ್ಲಿ 2018ರಿಂದ ಕ್ಯಾಮೆರಾ, ಪ್ರೊಜೆಕ್ಟರ್ ಇಟ್ಟು ಇಡೀ ಬಾಡಿಯನ್ನು ಸ್ಕ್ಯಾನ್ ಮಾಡುತ್ತಾರೆ. 2022ರಿಂದ ನ್ಯಾಸ್ಕಾರ್‌ನ ಎಲ್ಲಕ್ಕಿಂತ ದೊಡ್ಡ ಸರಣಿಯಾದ ಕಪ್‌ನ ಕಾರುಗಳಿಗೆ ಅಚ್ಚಿನಲ್ಲಿ ತೆಗೆದ ಕಾಂಪೋಸಿಟ್ (ನಾರು, ಅಂಟು ಸೇರಿದ) ಪ್ಯಾನೆಲ್‌ಗಳು ಬಂದವು. ಅದಕ್ಕೂ ಮುಂಚೆ ಕಪ್ ತಂಡಗಳಲ್ಲಿ ತಗಡು ಬಡಿದು, ಉರುಳೆಗಳ ನಡುವೆ ಕೊಟ್ಟು ಬಾಗಿಸಿ, ಬೆಸುಗೆ ಹಾಕುವ ನುರಿತ ಕೈಗಳೇ ಬಾಡಿ ಮಾಡುತ್ತಿದ್ದವು. ಮಾವನಿಗೆ ಆ ಕಾಲವೇ ಇಷ್ಟವಾಗುತ್ತಿತ್ತು.

ನಮ್ಮ ಮಟ್ಟದಲ್ಲಿ ಸ್ಕ್ಯಾನರ್ ಇಲ್ಲ. ಟೆಂಪ್ಲೇಟು, ಟೇಪು, ಮತ್ತೆ ಕಾರಿನ ಕೆಳಗೆ ತಳ್ಳುವ ಒಂದು ಬ್ಲಾಕ್. ಸಾಮಾನ್ಯವಾಗಿ 4 ಇಂಚಿನದು. ಅದು ಚಾಸಿಗೆ ತಾಗದೆ ಆಚೆ ಬರಬೇಕು. ನಿಂತಾಗ 4 ಇಂಚು, ಓಡುವಾಗ ಮೂತಿ ನೆಲಕ್ಕೆ ಮುತ್ತಿಡುವಷ್ಟು ಕೆಳಗೆ ಇಳಿಯುತ್ತದೆ. ಮೂತಿ ಕೆಳಗಿದ್ದಷ್ಟೂ ಕಾರಿನಡಿ ನುಗ್ಗುವ ಗಾಳಿ ಕಡಿಮೆ, ಮುಂದಿನ ಟೈರಿನ ಹಿಡಿತ ಜಾಸ್ತಿ. ಹಾಗಾಗಿ ಮೂತಿಯನ್ನು ಕಾಲು ಇಂಚು ಮೇಲೆ ಕೂರಿಸಿದರೂ ಡ್ರೈವರ್‌ಗೆ ಗೊತ್ತಾಗಿಬಿಡುತ್ತದೆ. "ತಿರುಗುತ್ತಿಲ್ಲ" ಅಂತ ರೇಡಿಯೊದಲ್ಲಿ ಗೊಣಗುತ್ತಾನೆ.

ಇನ್ನು ಗುದ್ದುವ ವಿಷಯ. ಹಿಕರಿ ಅಂತ ಇಲ್ಲೊಂದು ಟ್ರ್ಯಾಕ್ ಇದೆ, 1951ರಿಂದ ನಡೆಯುತ್ತಿದೆ. ಒಂದು ಸುತ್ತು 600 ಮೀಟರ್ ಕೂಡ ಇಲ್ಲ. ಅಷ್ಟರಲ್ಲಿ ಇಪ್ಪತ್ತು ಕಾರು ಬಿಟ್ಟರೆ ತಾಗದೆ ಇರುತ್ತಾ? ಮೆಜೆಸ್ಟಿಕ್‌ನಲ್ಲಿ ಬಸ್ಸುಗಳು ಒಂದಕ್ಕೊಂದು ಉಜ್ಜಿಕೊಂಡು ಹೋಗುವ ಹಾಗೆ ಉಜ್ಜುತ್ತಲೇ ಇರುತ್ತವೆ. ಅದಕ್ಕೇ ಮೂತಿಯ ಹಿಂದೆ ಬೇಕೆಂತಲೇ ತೆಳು ಪೈಪು ಕೊಡುತ್ತೇವೆ. ಗಟ್ಟಿ ಪೈಪು ಹಾಕಿದರೆ ಮೂತಿ ಬಾಗುವುದಿಲ್ಲ, ಹಿಂದಿನ ಚಾಸಿ ಬಾಗುತ್ತದೆ. ತೆಳು ಪೈಪು ಬದಲಾಯಿಸುವುದು ಬರೀ ಒಂದು ಗಂಟೆಯ ಕೆಲಸ, ಚಾಸಿ ಅಂದರೆ ವಾರಗಟ್ಟಲೆ. ಹಾಗೇ ಬಾಗಿಲಿನ ಅಡಿಯ ಅಂಚನ್ನು ಮಡಚಿಟ್ಟಿರಬೇಕು. ಮಡಚದ ಅಲ್ಯೂಮಿನಿಯಂ ಪಕ್ಕದವನ ಟೈರಿಗೆ ಈಳಿಗೆ ಮಣೆ ಇದ್ದ ಹಾಗೆ.

ಹೋದ ತಿಂಗಳು ಎಡಗಡೆಯ ಹಿಂದಿನ ಕ್ವಾರ್ಟರ್ ಪ್ಯಾನೆಲ್ ಪೂರ್ತಿ ಹೋಯಿತು. ಮೊದಲು ನಡೆಯುವ ಸಣ್ಣ ಹೀಟ್ ರೇಸ್ ಮುಗಿದು ಮುಖ್ಯ ರೇಸಿಗೆ ಮುಕ್ಕಾಲು ಗಂಟೆ ಇತ್ತು. ರಿವೆಟ್ ತಲೆಗಳನ್ನು ಡ್ರಿಲ್‌ನಲ್ಲಿ ಹಾರಿಸಿ ಹಳೆಯದನ್ನು ಕಿತ್ತೆವು. ಟ್ರೇಲರ್‌ನಲ್ಲಿದ್ದ ಹೊಸದನ್ನು ಮೊದಲೇ ಅದೇ ಅಳತೆಗೆ ತೂತು ಕೊರೆದು ಇಟ್ಟಿದ್ದೆವು. ಕ್ಲೆಕೊ ಚುಚ್ಚಿದೆವು, ಕೂತಿತು. ತಳ್ಳಬೇಕಾಗಲಿಲ್ಲ, ಎಳೆಯಬೇಕಾಗಲಿಲ್ಲ. ಜನವರಿಯಲ್ಲಿ ಆ ನೀಲಿ ನೂಲಿನ ಮೇಲೆ ಕೂತು ಕಳೆದ ರಾತ್ರಿಗಳೆಲ್ಲ ಆ ಮುಕ್ಕಾಲು ಗಂಟೆಗಾಗಿ. ಅಂದಾಜಿಗೆ ಬಡಿದ ಬಾಡಿಯಾಗಿದ್ದರೆ ಹೊಸ ಪ್ಯಾನೆಲ್ಲಿನ ಒಂದು ತೂತೂ ಹಳೆಯ ಪಟ್ಟಿಗೆ ಹೊಂದುತ್ತಿರಲಿಲ್ಲ. ಅವತ್ತು ಒಂಬತ್ತನೆಯವರಾಗಿ ಮುಗಿಸಿದೆವು. ಅಂಥ ದೊಡ್ಡ ಸಂಗತಿಯೇನಲ್ಲ, ಆದರೆ ಓಡಿದೆವು.

ಮರುದಿನ ಮಾವನಿಗೆ ವೀಡಿಯೊ ಕಾಲ್ ಮಾಡಿ ಇದನ್ನೆಲ್ಲ ಹೇಳಿದೆ. ಅವರು ರೇಸಿನ ಬಗ್ಗೆ ಏನೂ ಕೇಳಲಿಲ್ಲ. ಫೋನನ್ನು ಪ್ಯಾನೆಲ್ ಹತ್ತಿರ ಹಿಡಿ ಅಂದರು, ಇನ್ನೂ ಹತ್ತಿರ, ಸ್ವಲ್ಪ ಕೆಳಗೆ.

"ಹಿಂದುಗಡೆ ವಾಷರ್ ಹಾಕಿದ್ದೀಯೇನೋ?"

"ಹಾಕಿದ್ದೀನಿ ಮಾವ."

"ಎಲ್ಲದಕ್ಕೂ?"

ಎರಡಕ್ಕೆ ಹಾಕಿರಲಿಲ್ಲ. ಪೆಟ್ರೋಲ್ ಟ್ಯಾಂಕಿನ ಪಕ್ಕ, ಕೈ ಹೋಗದ ಜಾಗ ಅದು. ಸುಳ್ಳು ಹೇಳೋಣ ಅಂದರೆ ಮೂವತ್ತು ವರ್ಷ ಬಾಡಿ ಕಟ್ಟಿದ ಮನುಷ್ಯ.

"ಬಿಚ್ಚು ಮತ್ತೆ" ಅಂದರು.