ಹಿನ್ನೀರಿಗೊಂದು ಫೋಮ್ ಚಾಪೆ

ಪೀಣ್ಯದಲ್ಲಿ ನಮ್ಮದು ಪ್ಯಾಕಿಂಗ್ ಫೋಮ್ ಕತ್ತರಿಸುವ ಸಣ್ಣ ಶೆಡ್ಡು. ಟಿವಿ, ಮೋಟಾರು ಪೆಟ್ಟಿಗೆಯೊಳಗೆ ಅಲುಗಾಡದ ಹಾಗೆ ಸುತ್ತ ಇಟ್ಟಿರ್ತಾರಲ್ಲ, ಆ ಬಿಳಿ ತುಂಡುಗಳು. ಸಾಗರದ ಕಡೆ, ಶರಾವತಿ ಹಿನ್ನೀರಿನ ದಂಡೆಯಲ್ಲಿ ಭಾವ ಹೋಮ್‌ಸ್ಟೇ ನಡೆಸುತ್ತಾರೆ. "ನೀರ ಮೇಲೆ ಮಲಗೋ ಚಾಪೆ ಒಂದು ಮಾಡಿಕೊಡು ಮಾರಾಯ, ಆನ್‌ಲೈನಲ್ಲಿ ರೇಟು ನೋಡಿದ್ರೆ ತಲೆ ತಿರುಗ್ತದೆ" ಅಂತ ಫೋನ್ ಮಾಡಿದರು.

ಅವರ ತಲೆಯಲ್ಲಿದ್ದದ್ದು ಥರ್ಮಾಕೋಲ್. ಅದು ಬೇಡವೇ ಬೇಡ ಅಂದೆ. ನಾಲ್ಕು ಜನ ಹತ್ತಿಳಿದರೆ ಅಂಚು ಉದುರಿ ಕಾಳುಕಾಳಾಗಿ ಹೊಳೆ ತುಂಬಾ ತೇಲುತ್ತದೆ. ಹಾಸಿಗೆಯ ಫೋಮೂ ಆಗದು, ನೀರು ಕುಡಿದು ಕೂರುತ್ತದೆ. ಇಲ್ಲಿಗೆ ಬೇಕಿರುವುದು ಪಾಲಿಎಥಿಲೀನ್ ಫೋಮ್. ಅದರೊಳಗಿನ ಗುಳ್ಳೆಗಳು ಒಂದೊಂದೂ ಬೇರೆಬೇರೆಯಾಗಿ ಮುಚ್ಚಿಕೊಂಡಿರುತ್ತವೆ. ಭಾವನಿಗೆ ನಂಬಿಕೆ ಬರಲೆಂದು ಒಂದು ತುಂಡನ್ನು ಬಕೆಟ್‌ನಲ್ಲಿ ಮುಳುಗಿಸಿ, ಮೇಲೆ ಕಲ್ಲು ಹೇರಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಒರೆಸಿ ತೂಕದ ಯಂತ್ರದ ಮೇಲಿಟ್ಟ ಫೋಟೋ ಕಳಿಸಿದೆ. ತೂಕ ಹೆಚ್ಚುಕಡಿಮೆ ಮೊದಲಿನಷ್ಟೇ ಇತ್ತು.

ಲಾರಿ ಟ್ಯೂಬು ಅವರಲ್ಲಿ ಮೊದಲೇ ಇದ್ದವು. ಆದರೆ ಅಲ್ಲಿನ ತೊಂದರೆ ಬೇರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಮುಳುಗಿದ ಕಾಡಿನ ಬೊಡ್ಡೆಗಳು ಇನ್ನೂ ನೀರಡಿ ಇವೆ, ಬೇಸಿಗೆಯಲ್ಲಿ ನೀರಿಳಿದಾಗ ತಲೆ ಎತ್ತುತ್ತವೆ. ಒಂದು ಚೂಪು ತಾಗಿದರೆ ಟ್ಯೂಬಿನ ಕಥೆ ಮುಗಿಯಿತು. ಫೋಮಿಗೆ ತೂತು ಬಿದ್ದರೆ ತೂತು ಬಿತ್ತು ಅಷ್ಟೆ, ತೇಲೋದೇನೂ ನಿಲ್ಲೋದಿಲ್ಲ.

ಅಳತೆ 12 ಅಡಿ ಉದ್ದ, 4 ಅಡಿ ಅಗಲ, 35 ಮಿಲಿಮೀಟರ್ ದಪ್ಪ ಅಂತ ಹಿಡಿದೆ. ಆರ್ಕಿಮಿಡೀಸನ ಲೆಕ್ಕದಲ್ಲಿ ಇದು ಸುಮಾರು 155 ಲೀಟರ್ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಫೋಮಿನ ಸ್ವಂತ ತೂಕ ಐದು ಕಿಲೋದ ಆಸುಪಾಸು. ಅಂದರೆ 150 ಕಿಲೋ ಹೊರಬೇಕು. ಇಬ್ಬರು ದೊಡ್ಡವರು, ಒಂದು ಮಗು. ಕಾಗದದ ಮೇಲೆ ಎಲ್ಲಾ ಸರಿ. ಆದರೆ ಇಡೀ ಚಾಪೆ ಒಟ್ಟಿಗೆ ಮುಳುಗುವಷ್ಟು ಕೆಳಗಿಳಿದಾಗ ಮಾತ್ರ ಆ 150 ಸಿಗುತ್ತದೆ. ಒಂದು ಚದರ ಮೀಟರ್ ಹೊರುವುದು ಹೆಚ್ಚೆಂದರೆ 34 ಕಿಲೋ. 68 ಕಿಲೋದವನೊಬ್ಬ ಎದ್ದು ನಿಂತರೆ ಎರಡು ಚದರ ಮೀಟರಾದರೂ ಜೊತೆಗೆ ಇಳಿಯಬೇಕು. ಮೆತ್ತನೆಯ ಚಾಪೆ ಹಾಗೆ ಮಾಡೋದಿಲ್ಲ, ಪಾದದ ಕೆಳಗಷ್ಟೇ ಗುಂಡಿ ಬಿದ್ದು ಅವನನ್ನು ಸೊಂಟದವರೆಗೆ ನೀರಿಗಿಳಿಸುತ್ತದೆ. ಅಂಗಡಿಯವರು ಬರೆದುಕೊಳ್ಳುವ ಕಿಲೋ ಲೆಕ್ಕವನ್ನು ನಾನಂತೂ ಅರ್ಧದಷ್ಟೇ ನಂಬುತ್ತೇನೆ.

ಹಾಗಾಗಿ ತಲೆ ಓಡಿಸಬೇಕಾದದ್ದು ತೇಲಿಸೋದಕ್ಕಲ್ಲ, ಬಿಗಿ ತರೋದಕ್ಕೆ. ಪ್ಲೈವುಡ್ಡಿನ ಹಾಗೆ ಮೂರು ಪದರ ಮಾಡಿದೆ. ನಡುವೆ 15 ಮಿಲಿಮೀಟರ್ ಹಗುರ ಫೋಮ್, ಮೇಲೆ ಕೆಳಗೆ 10 ಮಿಲಿಮೀಟರಿನ ಗಟ್ಟಿ ಫೋಮ್. ಬಾಗುವಾಗ ಎಳೆತವೂ ಒತ್ತಡವೂ ಬೀಳೋದು ಹೊರಮೈ ಮೇಲೆ, ಗಟ್ಟಿತನ ಅಲ್ಲೇ ಇರಬೇಕು. ಇನ್ನೂ ಗಟ್ಟಿ ಹಾಕಬಹುದಿತ್ತು, ಆದರೆ ಸುತ್ತಿ ಜೀಪಿನ ಮೇಲೆ ಕಟ್ಟಬೇಕಲ್ಲ. ಸುತ್ತಿದಾಗ ಸುಮಾರು ಒಂದೂವರೆ ಅಡಿ ದಪ್ಪದ ಸುರುಳಿ ಆಗುತ್ತದೆ. ಅದಕ್ಕಿಂತ ಬಿಗಿ ಸುತ್ತಿದರೆ ಒಳಮೈ ಮಡಿಕೆ ಬಿದ್ದು ಗುರುತು ಉಳಿಯುತ್ತದೆ.

ಪದರ ಕೂಡಿಸೋಕೆ ಗಮ್ ಹಚ್ಚಲಿಲ್ಲ. ಪಾಲಿಎಥಿಲೀನಿಗೆ ಗಮ್ ಸರಿಯಾಗಿ ಹಿಡಿಯೋದಿಲ್ಲ, ಬಿಸಿಲಿಗೂ ನೀರಿಗೂ ಸಿಪ್ಪೆಯೇಳುತ್ತದೆ. ಹಾಟ್ ಏರ್ ಗನ್ ಹಿಡಿದು ಎರಡೂ ಮೈ ಒಟ್ಟಿಗೆ ಕಾಯಿಸಬೇಕು. ಮಾಸಲಾಗಿದ್ದ ಮೈ ಒಂದು ಕ್ಷಣ ಎಣ್ಣೆ ಸವರಿದಂತೆ ಮಿಂಚುತ್ತದೆ. ಆಗಲೇ ಒತ್ತಿ ರೋಲರ್ ಓಡಿಸಬೇಕು. ತಡವಾದರೆ ಗುಳ್ಳೆ ಒಡೆದು ಮೈ ಕುಗ್ಗುತ್ತದೆ. ನಮ್ಮ ಶೆಡ್ಡಿನ ಹುಡುಗನಿಗೆ ಆ ಮಿಂಚು ಕಾಣುವ ಕಣ್ಣು ನನಗಿಂತ ಚೆನ್ನಾಗಿದೆ. ಗನ್ ಅವನ ಕೈಗೇ ಕೊಟ್ಟೆ.

ಹಗ್ಗ ಕಟ್ಟಲು ಭಾವ ಐಲೆಟ್ ಕೇಳಿದ್ದರು. ಫೋಮಿಗೆ ಐಲೆಟ್ ಹೊಡೆದರೆ ಗಾಳಿಯ ಒಂದು ಜಗ್ಗಿಗೆ ಉಂಗುರದ ಸಮೇತ ಹರಿದು ಬರುತ್ತದೆ. ಬದಲಿಗೆ ನೈಲಾನ್ ಪಟ್ಟಿಯನ್ನು ಪದರಗಳ ನಡುವೆ ಈ ತುದಿಯಿಂದ ಆ ತುದಿಗೆ ಹಾಯಿಸಿ, ಮೂಲೆಗಳಲ್ಲಿ ಕುಣಿಕೆ ಹೊರಗೆ ಬಿಟ್ಟೆ. ಈಗ ಎಳೆತವೆಲ್ಲ ಪಟ್ಟಿಯದ್ದು.

ಏಪ್ರಿಲ್‌ನಲ್ಲಿ ಹಿನ್ನೀರಿಗಿಳಿಸಿದೆವು. ಭಾವ ಮಲಗಿದರು. ಚಾಪೆ ಅವರ ಮೈಯಳತೆಗೆ ತಗ್ಗಿತು, ಬೆನ್ನು ಒದ್ದೆಯಾಯಿತು, ಅಷ್ಟೇ. ಎದ್ದು ನಿಂತಾಗ ಮಂಡಿಯವರೆಗೆ ಇಳಿದು, ಕೈ ಬೀಸಿ, ಮಗುಚಿಬಿದ್ದರು. ಅಕ್ಕ ದಂಡೆಯಿಂದ ಚಪ್ಪಾಳೆ ತಟ್ಟಿದಳು. ನೀರಿನಿಂದ ಹತ್ತೋದು ಮಾತ್ರ ನಾನು ಎಣಿಸಿದ್ದಕ್ಕಿಂತ ಸುಲಭ: ಎದೆ ಒತ್ತಿದರೆ ಅಂಚು ತಾನಾಗಿ ಬಗ್ಗಿ ಒಳಗೆಳೆದುಕೊಳ್ಳುತ್ತದೆ. ಹಲಗೆಯ ತೆಪ್ಪದಲ್ಲಿ ಈ ಸೌಕರ್ಯ ಇಲ್ಲ.

ಆಮೇಲೆ ಅಕ್ಕನ ಮಗ ಒಂದು ಕಡೆ ಮುಳುಗಿ ಇನ್ನೊಂದು ಕಡೆ ಎದ್ದ. "ಮಾವ, ಕೆಳಗೆ ಪೂರ್ತಿ ಕತ್ತಲು!" ಅಂದ. ಅವನು ಮೀನಿನ ಜಾತಿ, ಅವನ ಚಿಂತೆ ಇಲ್ಲ. ಲೈಫ್ ಜಾಕೆಟ್ ತೊಟ್ಟ ಪ್ರವಾಸಿ ಮಗುವೊಂದು ಅಡಿಗೆ ಸಿಕ್ಕಿಕೊಂಡರೆ? ಜಾಕೆಟ್ ಮೇಲಕ್ಕೆ ತಳ್ಳುತ್ತದೆ, ಮೇಲೆ ಚಾಪೆ. ಮುಳುಗಿ ಹೊರಬರೋಣವೆಂದರೆ ಜಾಕೆಟ್ ಬಿಡೋದಿಲ್ಲ. ಕೈ ಚಾಚಿದರೆ ಅಂಚು ಸಿಗುವಷ್ಟು ಅಗಲವೇ ಇದಕ್ಕೆ ಮಿತಿ.

ಭಾವ ಎಂಟಡಿ ಅಗಲದ್ದು ಕೇಳುತ್ತಲೇ ಇದ್ದಾರೆ, ಗುಂಪಾಗಿ ಬರುವವರು ಒಟ್ಟಿಗೆ ಕೂರಬೇಕಂತೆ. ನಾಲ್ಕಡಿಯದ್ದೇ ಇನ್ನೊಂದು ಮಾಡಿ ಕಳಿಸಿದ್ದೇನೆ, ಸುತ್ತಲೂ ಕೈಗೆ ಸಿಗುವಂತೆ ಕುಣಿಕೆ ಹೆಚ್ಚಿಸಿ. ಎರಡನ್ನೂ ಸೇರಿಸಿ ಕಟ್ಟಬೇಡಿ ಅಂತ ಫೋನಲ್ಲೂ ಹೇಳಿದ್ದೇನೆ, ಚಾಪೆಯ ಮೇಲೂ ಮಾರ್ಕರ್‌ನಲ್ಲಿ ಬರೆದಿದ್ದೇನೆ.