ಆಡೋದು ಬಿಟ್ಟು ಫೈಲು ಯಾಕೆ ಹಿಡಿದೆ?

ಮದುವೆ ಮನೆಯಿರಲಿ, ಬಸವನಗುಡಿಯಲ್ಲಿ ಕಾಫಿಗೆ ನಿಂತಿರಲಿ, ನನ್ನ ಮುರುಟಿದ ಎಡಗಿವಿ ಕಂಡವರು ಅದರ ಕಥೆ ಕೇಳದೆ ಬಿಡುವುದಿಲ್ಲ. ರಗ್ಬಿ ಆಡ್ತಿದ್ದೆ, ಸ್ಕ್ರಮ್‌ನಲ್ಲಿ, ಅಂದ್ರೆ ಎರಡೂ ತಂಡದವರು ಬಗ್ಗಿ ತಲೆ-ಭುಜ ಕೂಡಿಸಿ ತಳ್ಳಾಡೋ ಕಡೆ, ತಲೆ ಕೊಟ್ಟೂ ಕೊಟ್ಟೂ ಹೀಗಾಯ್ತು ಅನ್ನುತ್ತೇನೆ. ಈಗ? ಈಗ ಕ್ಲಬ್ಬಿನ ಕಾರ್ಯದರ್ಶಿ. ಆಮೇಲೆ ಬರುವ ಪ್ರಶ್ನೆ ಒಂದೇ: "ಆಡೋದು ಬಿಟ್ಟು ಫೈಲು ಹಿಡ್ಕೊಂಡು ಯಾಕೆ ಓಡಾಡ್ತೀಯ?" 2025ರಲ್ಲಿ ಮುಂಬೈನಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ನಡೆದು, ಬೆಂಗಳೂರು ಬ್ರೇವ್‌ಹಾರ್ಟ್ಸ್ ಅನ್ನೋ ತಂಡವೂ ಇತ್ತು ಅಂತ ಗೊತ್ತಾದ ಮೇಲೆ ಸೋದರಮಾವನೂ ಶುರುಮಾಡಿದರು: "ಇನ್ನೊಂಚೂರು ವರ್ಷ ಆಡಿದ್ದಿದ್ರೆ?" ನನಗೆ ನಲವತ್ತಾರು ದಾಟಿದೆ ಮಾವ.

ನಿಜವಾದ ಉತ್ತರ ಹೇಳಿದರೆ ಯಾರೂ ನಂಬುವುದಿಲ್ಲ. ತಂಡದಲ್ಲಿ ಕನ್ನಡದಲ್ಲಿ ಅರ್ಜಿ ಬರೆಯಲು ಬರುತ್ತಿದ್ದವನು ನಾನೊಬ್ಬನೇ.

ಮೈದಾನ ಸರ್ಕಾರದ್ದು. ನಮ್ಮ ಹುಡುಗರು ಇಂಗ್ಲಿಷಿನಲ್ಲಿ ಮೂರು ಪತ್ರ ಕಳಿಸಿದ್ದರು, ಉತ್ತರ ಇಲ್ಲ. ನಾನು "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಎಂದು ಬರೆದು, ಟಪ್ಪಾಲಿನಲ್ಲಿ ಸೀಲು ಹಾಕಿಸಿಕೊಂಡು, ವಿಷಯ ನಿರ್ವಾಹಕರ ಮೇಜಿನ ಮುಂದೆ ನಿಂತೆ.

"ರಗ್ಬಿ ಅಂದ್ರೆ ಏನ್ ಸಾರ್? ಹುಲ್ಲು ಕಿತ್ತೋಗಲ್ವಾ?"

"ಕಬಡ್ಡಿ ಥರ ಸಾರ್, ಹಿಡಿದು ಬೀಳಿಸ್ತೀವಿ. ಜೊತೆಗೊಂದು ಚೆಂಡು. ಅದನ್ನ ಕೈಯಲ್ಲಿ ಎಸೆದ್ರೆ ಮುಂದಕ್ಕೆ ಹೋಗೋ ಹಾಗಿಲ್ಲ, ಹಿಂದೆ ಇರೋರಿಗೇ ಕೊಡ್ಬೇಕು."

"ಫೈಲು ಹಿಂದಕ್ಕೆ ಹಿಂದಕ್ಕೆ ಹೋಗಿ ಕೊನೆಗೆ ಮುಂದಕ್ಕೆ ಬರುತ್ತೆ. ನಮ್ ಆಫೀಸೇ ಬಿಡಿ," ಅಂದು ನಕ್ಕರು. ಎರಡು ಭಾನುವಾರ ಸಿಕ್ಕಿತು. ಅಲ್ಲಿಂದಾಚೆ ಕ್ಲಬ್ಬಿನ ಕಾಗದಪತ್ರವೆಲ್ಲ ನನ್ನ ತಲೆಗೇ ಕಟ್ಟಿತು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, ಸರ್ವ ಸದಸ್ಯರ ಸಭೆ, ಆಡಿಟ್, ಎಲ್ಲ.

ಸಂಬಳ ಎಷ್ಟು ಅಂತಲೂ ಕೇಳುತ್ತಾರೆ. ರಗ್ಬಿ ಯೂನಿಯನ್ನಿನಲ್ಲಿ, ಅಂದ್ರೆ ನಾವಾಡೋ ಬಗೆಯ ರಗ್ಬಿಯಲ್ಲಿ, ಆಡಿದ್ದಕ್ಕೆ ದುಡ್ಡು ತಗೊಳ್ಳೋದು 1995ರವರೆಗೆ ನಿಯಮಕ್ಕೇ ವಿರುದ್ಧವಾಗಿತ್ತು. ನಮ್ಮ ಕ್ಲಬ್ಬು ಇನ್ನೂ ಅದೇ ಕಾಲದಲ್ಲಿದೆ. ಬೂಟಿಂದ ಹಿಡಿದು ಬಾಳೆಹಣ್ಣಿನವರೆಗೂ ಕೈಯಿಂದಲೇ.

ನಾನೇ ಮುಂದೆ ನಿಂತು ನಡೆಸಿದ ಮೊದಲ ಟೂರ್ನಮೆಂಟಿನಲ್ಲಿ ಪೆಟ್ಟು ತಿಂದದ್ದು ಗೆರೆಯಿಂದ. ಗೋಲು ಸರಿಯಾಗಿಯೇ ಇತ್ತು. ಫುಟ್‌ಬಾಲ್ ಗೋಲಿನ ಅಡ್ಡಪಟ್ಟಿ 2.44 ಮೀಟರ್, ನಮ್ಮದು 3. ಅವರ ಕಂಬಗಳ ನಡುವೆ 7.32 ಮೀಟರ್, ನಮಗೆ 5.6 ಸಾಕು. ಹಾಗಾಗಿ ಶಾಮಿಯಾನದವರಿಂದ ಸರ್ವೆ ಗಳ ಬಾಡಿಗೆಗೆ ತಂದು 'ಎಚ್' ಅಕ್ಷರದ ಆಕಾರದ ಎರಡು ಗೋಲು ನಿಲ್ಲಿಸಿದೆವು. ಗೆರೆಗೆ ಮಾತ್ರ, ಅಗ್ಗ ಅಂತ, ಗೋಡೆಗೆ ಬಳಿಯೋ ಸುಣ್ಣದ ಪುಡಿ ತಂದೆ. ಕ್ರಿಕೆಟ್‌ನವರಿಗೆ ಅದು ನಡೆದೀತು, ಮೂತಿ ನೆಲಕ್ಕೆ ಉಜ್ಜೋ ಆಟಕ್ಕೆ ನಡೆಯಲ್ಲ. ಬೆವರಿಗೆ ಸುಣ್ಣ ತಾಗಿ ಇಬ್ಬರ ಕೆನ್ನೆ ಸುಟ್ಟಿತು. ಒಬ್ಬ ಗೆರೆಯ ಮೇಲೆ ಚೆಂಡು ಊರಿ ಟ್ರೈ ಹೊಡೆದು ತಂಡಕ್ಕೆ ಐದು ಅಂಕ ತಂದಿದ್ದ; ಸಂಭ್ರಮ ಬಿಟ್ಟು ನಲ್ಲಿಯ ಕೆಳಗೆ ಮುಖ ಹಿಡಿದು ಕೂತಿದ್ದ. ತಪ್ಪು ನನ್ನದೇ. ಈಗ ಸೀಮೆಸುಣ್ಣದ ಪುಡಿ ಬಿಟ್ಟರೆ ಬೇರೆ ತರುವುದಿಲ್ಲ, ಮೂಟೆ ಬಿಚ್ಚಿಸಿ ನೋಡಿಯೇ ದುಡ್ಡು ಕೊಡುತ್ತೇನೆ.

ಬೇಜಾರಾಗಲ್ವಾ ಅಂದರೆ, ಆಗುತ್ತೆ. ಸ್ಕ್ರಮ್ ಕೂಡುವ ಮುಂಚೆ ಎದುರಿನವನ ಉಸಿರು ಕಿವಿಗೆ ಬಿಸಿಯಾಗಿ ತಾಗುತ್ತಿತ್ತು, ಅದು ಫೈಲಿನಲ್ಲಿ ಸಿಗುವುದಿಲ್ಲ. ಸೋಮವಾರ ಮೆಟ್ಟಿಲು ಇಳಿಯುವಾಗ ಮಂಡಿ ನೋಯದಿರುವುದು ಲಾಭ.

ಹೋದ ವಾರ ಒಬ್ಬ ಹುಡುಗನಿಗೆ ಟ್ಯಾಕಲ್‌ನಲ್ಲಿ, ಹಿಡಿದು ಬೀಳಿಸುವಾಗ, ತಲೆಗೆ ಏಟು ಬಿತ್ತು. ಎದ್ದು ನಗುತ್ತಲೇ ಎದುರು ತಂಡದ ಸಾಲಿನಲ್ಲಿ ಹೋಗಿ ನಿಂತ. ಆಚೆಗೆ ಕರೆಸಿದೆ. ತಲೆಗೆ ಹೀಗೆ ಪೆಟ್ಟಾದರೆ ಹವ್ಯಾಸಿಗಳಿಗೆ ಈ ಆಟದ ಅಂತಾರಾಷ್ಟ್ರೀಯ ಸಂಸ್ಥೆ ವರ್ಲ್ಡ್ ರಗ್ಬಿಯ ಲೆಕ್ಕ ಕನಿಷ್ಠ 21 ದಿನ, ಅಷ್ಟರೊಳಗೆ ಪಂದ್ಯ ಇಲ್ಲ. ಈ ಭಾನುವಾರ ಫೈನಲ್. "ಅಣ್ಣಾ, ನೀವೇ ಪೆಟ್ಟು ಬಿದ್ದು ಆಡಿದೋರಲ್ವಾ?" ಅಂದ. ಆಡಿದ್ದೆ. ಆಗ ಬೇಡ ಅನ್ನುವವರು ಯಾರೂ ಇರಲಿಲ್ಲ. ಪಟ್ಟಿಯಿಂದ ಹೆಸರು ಹೊಡೆದುಹಾಕಿದೆ. ಅವನಿನ್ನೂ ನನ್ನ ಜೊತೆ ಮಾತು ಬಿಟ್ಟಿದ್ದಾನೆ.